ಆಸ್ಪತ್ರೆಗೂ ಆರೈಕೆ ಬೇಕು

ದಿಲ್ಲಿಯ ವಸಂತ್ ಕುಂಜ್‌ನಲ್ಲಿ ಮನೆ ಮಾಡಿದವರಿಗೆ ನೀರಿನ ಟ್ಯಾಂಕರಿನ ಸದ್ದು, ಆಂಬುಲೆನ್ಸಿನ ಸದ್ದು ಎರಡೂ ಬೇಗ ರೂಢಿಯಾಗುತ್ತವೆ. ಅರಾವಳಿಯ ಕಲ್ಲುಗುಡ್ಡದ ಮೇಲೆ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಕಟ್ಟಿದ ಈ ಬಡಾವಣೆಯಲ್ಲಿ ನೀರಿಗೆ ಮೊದಲಿನಿಂದಲೂ ತತ್ವಾರ. ಆಸ್ಪತ್ರೆಗಳಿಗೆ ಮಾತ್ರ ಕೊರತೆಯಿಲ್ಲ. ಯಕೃತ್ತಿನ ಕಾಯಿಲೆಗೆಂದು ದೇಶದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಐಎಲ್‌ಬಿಎಸ್ ಇಲ್ಲಿದೆ, ಫೋರ್ಟಿಸ್ ಇದೆ. ಸಿ ಸೆಕ್ಟರಿನಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇದೆ.

ಈ ಕೊನೆಯದರ ಹಿಂದೆ ಒಬ್ಬ ಪರ್ವತಾರೋಹಿ ಇದ್ದರು. ಮೇಜರ್ ಹರಿಪಾಲ್ ಸಿಂಗ್ ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟಿನ ತುದಿಯಲ್ಲಿ ನಿಂತಿದ್ದರು. ಅದೇ ವರ್ಷ ಪಾಕಿಸ್ತಾನದೊಂದಿಗೆ ನಡೆದ ಯುದ್ಧದಲ್ಲಿ ಗುಂಡು ತಗುಲಿ ಬೆನ್ನುಹುರಿಗೆ ಪೆಟ್ಟಾಯಿತು. ಮುಂದಿನ ಬದುಕೆಲ್ಲ ಗಾಲಿಕುರ್ಚಿಯಲ್ಲೇ ಕಳೆಯಿತು. ಅವರಿಗೆ ಚಿಕಿತ್ಸೆ ಸಿಕ್ಕಿದ್ದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ಅಂಥದ್ದೊಂದು ನಮ್ಮಲ್ಲೂ ಆಗಬೇಕೆಂದು ಅವರು ಹಟ ಹಿಡಿದು ದುಡಿದರು. ಇಟಲಿ ಸರ್ಕಾರ ಕೈಜೋಡಿಸಿತು. ವಸಂತ್ ಕುಂಜ್‌ನಲ್ಲಿ ಆಸ್ಪತ್ರೆ ಎದ್ದಿತು.

ಬೆನ್ನುಹುರಿಯ ರೋಗಿಗೆ ಗಾರೆ ಕೆಲಸದವನು ಎಷ್ಟು ಮುಖ್ಯ ಎಂಬುದು ರ‍್ಯಾಂಪ್‌ನ ಲೆಕ್ಕ ಹಾಕಿದರೆ ತಿಳಿಯುತ್ತದೆ. ಗಾಲಿಕುರ್ಚಿಯಲ್ಲಿ ಕೂತವರು ತಮ್ಮ ಕೈಯಿಂದಲೇ ತಳ್ಳಿಕೊಂಡು ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅಡಿಪಾಯ ಮೂರು ಅಡಿ ಎತ್ತರವಿದ್ದರೆ ಮೂವತ್ತಾರು ಅಡಿ, ನಡುವೆ ದಣಿವಾರಿಸಿಕೊಳ್ಳಲು ಒಂದು ಸಮತಟ್ಟು ಜಾಗ. ಜಾಗವಿಲ್ಲವೆಂದು ಮೇಸ್ತ್ರಿ ಅದನ್ನು ಇಪ್ಪತ್ತು ಅಡಿಗೆ ಇಳಿಸಿದರೆ, ಆರು ತಿಂಗಳು ತೋಳಿನ ಬಲ ಕೂಡಿಸಿಕೊಂಡ ರೋಗಿ ಮತ್ತೆ ಇನ್ನೊಬ್ಬರು ತಳ್ಳಲಿ ಎಂದು ಕಾಯುತ್ತಾ ಕೂರಬೇಕಾಗುತ್ತದೆ. ನೆಲವೂ ಗೋಡೆಯೂ ಸೇರುವ ಮೂಲೆಯನ್ನು ಗುಂಡಗೆ ತಿರುಗಿಸಿದರೆ ಒರೆಸುವ ಬಟ್ಟೆ ಅಲ್ಲಿಗೂ ಮುಟ್ಟುತ್ತದೆ, ಚೌಕವಾಗಿ ಬಿಟ್ಟರೆ ಕೊಳೆ ಅಲ್ಲೇ ಕೂರುತ್ತದೆ. ನಲ್ಲಿಯನ್ನು ಮೊಣಕೈಯಲ್ಲಿ ತಿರುಗಿಸುವಂತಿಟ್ಟರೆ ಕೈ ತೊಳೆದ ವೈದ್ಯರ ಕೈ ತೊಳೆದಂತೆಯೇ ಉಳಿಯುತ್ತದೆ. ಅರ್ಥಿಂಗ್ ಸರಿಯಿಲ್ಲದ ಆಪರೇಷನ್ ಥಿಯೇಟರಿನಲ್ಲಿ ಎಂಥ ಶಸ್ತ್ರಚಿಕಿತ್ಸಕರಿದ್ದರೂ ಅಪಾಯವೇ. ಇವೆಲ್ಲ ಔಷಧದಷ್ಟೇ ಚಿಕಿತ್ಸೆ ಎಂದು ನಾನು ನಂಬಿದ್ದೇನೆ.

ಮಹಾನಗರದ ಆಸ್ಪತ್ರೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಹಳ್ಳಿಗಾಡಿನ, ಗುಡ್ಡಗಾಡಿನ ಮಿಶನ್ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಅಲ್ಲಿ ವೈದ್ಯರಿರುತ್ತಾರೆ, ದಾದಿಯರಿರುತ್ತಾರೆ, ನೂರು ವರ್ಷದ ಕಟ್ಟಡವಿರುತ್ತದೆ. ಯಾರೋ ದಾನವಾಗಿ ಕಳಿಸಿದ ಯಂತ್ರ ಮೂಲೆಯಲ್ಲಿ ದೂಳು ಹಿಡಿದಿರುತ್ತದೆ. ಇದು ಬರೀ ಅನಿಸಿಕೆಯಲ್ಲ. ಬಡ ದೇಶಗಳ ಆಸ್ಪತ್ರೆಗಳಲ್ಲಿರುವ ಯಂತ್ರಗಳ ಲೆಕ್ಕಪಟ್ಟಿಗಳನ್ನು ಪರಿಶೀಲಿಸಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರರಲ್ಲಿ ಸುಮಾರು 38 ಯಂತ್ರಗಳು ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಅವರದೇ ತಂಡ 60 ಆಸ್ಪತ್ರೆಗಳಿಂದ ಬಂದ 2,849 ದುರಸ್ತಿ ಕೋರಿಕೆಗಳನ್ನು ಒಂದೊಂದಾಗಿ ನೋಡಿತ್ತು. ಮೂರರಲ್ಲಿ ಎರಡು ಪಾಲು ಯಂತ್ರಗಳನ್ನು ಸುಮಾರು ನೂರು ಸರಳ ಕೌಶಲಗಳಿಂದ, ಬಿಡಿಭಾಗ ತರಿಸದೆಯೇ ಮತ್ತೆ ನಡೆಸಬಹುದಾಗಿತ್ತು. ಯಾವ ಕೌಶಲಗಳು? ವೈರಿಂಗ್, ವಿದ್ಯುತ್ ಪೂರೈಕೆ, ಮೋಟಾರು, ಪ್ಲಂಬಿಂಗ್, ಸಣ್ಣಪುಟ್ಟ ಮೆಕ್ಯಾನಿಕ್ ಕೆಲಸ, ಯಂತ್ರವನ್ನು ಸರಿಯಾಗಿ ಕೂರಿಸಿ ಬಳಸುವವರಿಗೆ ಹೇಳಿಕೊಡುವುದು. ನಮ್ಮ ಯಾವುದೇ ತಾಲ್ಲೂಕಿನ ಐಟಿಐಯಲ್ಲಿ ಕಲಿತ ಹುಡುಗ ಹುಡುಗಿಯರ ಕೈಗೆ ಎಟುಕುವ ವಿದ್ಯೆ ಇದು.

ಆದ್ದರಿಂದಲೇ ದೂರದ ದೇಶಗಳಿಂದ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್‌ಗಳು ತಮ್ಮ ರಜೆ ಕಳೆದುಕೊಂಡು, ತಮ್ಮ ಖರ್ಚಿನಲ್ಲಿ ಇಂಥ ಆಸ್ಪತ್ರೆಗಳ ಜೀರ್ಣೋದ್ಧಾರಕ್ಕೆ ಹೋಗುವುದು ದೊಡ್ಡ ಕೆಲಸ. ಆದರೆ ಹೋದವರೆಲ್ಲರ ಕೆಲಸವೂ ನಿಲ್ಲುವುದಿಲ್ಲ. ಯಾವುದು ನಿಂತಿತು, ಏಕೆ ನಿಂತಿತು ಎಂದು ನೋಡಬೇಕು.

ಈ ಬಗೆಯ ಕಥೆಗಳಲ್ಲಿ ನನ್ನನ್ನು ಬಹಳ ಹಿಡಿದದ್ದು ನೇಪಾಳದ ತಾನ್ಸೇನಿನದು. ದಿಲ್ಲಿಯಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿಯ ಗಡಿ, ಗಡಿಯಾಚೆ ಬುಟ್ವಲ್. ಬುಟ್ವಲ್ ದಾಟಿದರೆ ಬೆಟ್ಟ ಹತ್ತುವ ದಾರಿಯಲ್ಲಿ ತಾನ್ಸೇನ್. 1949ರಲ್ಲಿ ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯ ಅಧ್ಯಾಪಕ ರಾಬರ್ಟ್ ಫ್ಲೆಮಿಂಗ್ ಹಕ್ಕಿಗಳ ಅಧ್ಯಯನಕ್ಕೆಂದು ಈ ಕಡೆ ಹೋಗಿದ್ದರು. ನೇಪಾಳ ಆಗ ಹೊರಗಿನವರಿಗೆ ಬಾಗಿಲು ತೆರೆಯುತ್ತಿದ್ದ ಕಾಲ. ಮುಂದಿನ ಪ್ರವಾಸಗಳಲ್ಲಿ ಜೊತೆಗೆ ವೈದ್ಯರೂ ಹೋದರು. ಹಕ್ಕಿ ನೋಡಲು ಹೋದವರ ಗುಡಾರದ ಮುಂದೆ ರೋಗಿಗಳು ನೆರೆದರು. ನೇಪಾಳ ಸರ್ಕಾರ ಅನುಮತಿ ಕೊಟ್ಟಿತು. 1954ರಲ್ಲಿ ಯುನೈಟೆಡ್ ಮಿಶನ್ ಟು ನೇಪಾಲ್ ಶುರುವಾಯಿತು; ಡಾಕ್ಟರ್ ಕಾರ್ಲ್ ಫ್ರೆಡರಿಕ್ಸ್ ಕುಟುಂಬ ಸಮೇತ ತಾನ್ಸೇನಿಗೆ ಬಂದು ನೆಲೆಸಿದರು.

ವೈದ್ಯರೇನೋ ಬಂದರು, ಕಟ್ಟಡ ಬೇಕಿತ್ತು. 1958ರಲ್ಲಿ ನಾರ್ವೆಯಿಂದ ಓಡ್ ಹೋಫ್ಟುನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಆಸ್ಪತ್ರೆ ಕಟ್ಟಲೆಂದೇ ಬಂದರು. ಭಾರತದ ನೆರವಿನಿಂದ ಸಿದ್ಧಾರ್ಥ ಹೆದ್ದಾರಿ ಆದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆಗ ಸಿಮೆಂಟು, ಕಬ್ಬಿಣ, ಪೈಪು ಎಲ್ಲ ಬೆಟ್ಟ ಹತ್ತಿದ್ದು ಮನುಷ್ಯರ ಬೆನ್ನ ಮೇಲೆ. ಹೋಫ್ಟುನ್ ಅಲ್ಲಿ ಕಂಡ ಅಡ್ಡಿ ಕಲ್ಲಿನದೂ ಅಲ್ಲ, ದುಡ್ಡಿನದೂ ಅಲ್ಲ. ನಾಳೆ ಈ ಕಟ್ಟಡದ ಕೊಳವೆ ಒಡೆದರೆ, ಜನರೇಟರ್ ಕೆಟ್ಟರೆ ಕೈಹಾಕಲು ಊರಲ್ಲಿ ಕಲಿತ ಕೈ ಇರಲಿಲ್ಲ. ಆಸ್ಪತ್ರೆ ಕಟ್ಟಿ ಮುಗಿಸಿ ಫೋಟೋ ತೆಗೆಸಿಕೊಂಡು ಊರಿಗೆ ಮರಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1963ರಲ್ಲಿ ಬೆಟ್ಟದ ಬುಡದ ಬುಟ್ವಲ್‌ನಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು.

ಆ ಶಾಲೆಯ ಪದ್ಧತಿಯೇ ಬೇರೆ. ತರಗತಿಯಲ್ಲಿ ಕೂರಿಸಿ ಪಾಠ ಹೇಳುವುದು ಕಡಿಮೆ, ವರ್ಕ್‌ಶಾಪಿನಲ್ಲಿ ನಿಲ್ಲಿಸಿ ಕೆಲಸ ಮಾಡಿಸುವುದು ಹೆಚ್ಚು. ಹುಡುಗರು ಮರಗೆಲಸ, ಮೆಕ್ಯಾನಿಕ್, ವೈರಿಂಗ್ ಕಲಿಯುತ್ತಾ ಮಾರಾಟಕ್ಕೆ ಪೀಠೋಪಕರಣ, ಯಂತ್ರಭಾಗ ಮಾಡುತ್ತಿದ್ದರು. ಅದರ ಆದಾಯದಿಂದ ಶಾಲೆ ನಡೆಯುತ್ತಿತ್ತು. ವರ್ಕ್‌ಶಾಪಿಗೆ ಕರೆಂಟು ಬೇಕಾಯಿತು. ತಿನಾವು ನದಿಯ ಮೇಲೆ ಒಂದು ಮೆಗಾವಾಟ್‌ನ ಸಣ್ಣ ಜಲವಿದ್ಯುತ್ ಕೇಂದ್ರ ಕಟ್ಟಲು ಹೊರಟರು. ಬುಟ್ವಲ್ ಪವರ್ ಕಂಪನಿ ಹುಟ್ಟಿದ್ದು ಹೀಗೆ. ಸುರಂಗ ಕೊರೆಯುವುದನ್ನು ಸುರಂಗ ಕೊರೆಯುತ್ತಲೇ ಕಲಿತರು. ನಾರ್ವೆಯಲ್ಲಿ ಕಳಚಿಟ್ಟ ಹಳೆಯ ಯಂತ್ರಗಳನ್ನು ತಂದು ಬಿಚ್ಚಿ, ತಿಳಿದುಕೊಂಡು, ಜೋಡಿಸಿದರು. ಮುಂದೆ ಆಂಧಿಖೋಲಾದಲ್ಲಿ 5.1 ಮೆಗಾವಾಟ್, ಝಿಮ್ರುಕ್‌ನಲ್ಲಿ 12 ಮೆಗಾವಾಟ್, 2000ದಲ್ಲಿ ಖಿಮ್ತಿಯಲ್ಲಿ 60 ಮೆಗಾವಾಟ್. ನೇಪಾಳದಲ್ಲಿ ಸುರಂಗ ಕೊರೆಯುವ, ಟರ್ಬೈನ್ ಮಾಡುವ ಕಂಪನಿಗಳು ಇದೇ ಬಳ್ಳಿಯಲ್ಲಿ ಬಿಟ್ಟವು. ಒಂದು ಬೆಟ್ಟದ ಆಸ್ಪತ್ರೆಗೆ ಗೋಡೆ ಎಬ್ಬಿಸಲು ಬಂದವನಿಂದ ಒಂದು ದೇಶದ ವಿದ್ಯುತ್ ವಿದ್ಯೆ ಬೆಳೆಯಿತು ಎಂದರೆ ಅತಿಶಯೋಕ್ತಿ ಅನ್ನಿಸಬಹುದು. ಆದರೆ ನಡೆದದ್ದು ಹೀಗೆಯೇ. ತಾನ್ಸೇನಿನ ಆಸ್ಪತ್ರೆ ಇಂದಿಗೂ ರೋಗಿಗಳನ್ನು ನೋಡುತ್ತಿದೆ.

ಅದೇ ಹಿಮಾಲಯದ ನಮ್ಮ ಮಗ್ಗುಲಲ್ಲಿ ಇನ್ನೊಬ್ಬರಿದ್ದರು. ಲಾರಿ ಬೇಕರ್ ಎಂದರೆ ನಮಗೆ ತಿರುವನಂತಪುರದ ಇಟ್ಟಿಗೆ ಮನೆಗಳು ನೆನಪಾಗುತ್ತವೆ. ಅವರು ಭಾರತಕ್ಕೆ ಬಂದದ್ದು ಮನೆ ಕಟ್ಟಲು ಅಲ್ಲ, ಕುಷ್ಠರೋಗಿಗಳ ಆಸ್ಪತ್ರೆ ದುರಸ್ತಿಗೆ. ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿ ವಾಸ್ತುಶಿಲ್ಪ ಓದಿದ ಬೇಕರ್ ಕ್ವೇಕರ್ ಪಂಥದವರು, ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದವರು. ಆಂಬುಲೆನ್ಸ್ ತಂಡದೊಂದಿಗೆ ಚೀನಾಕ್ಕೆ ಹೋಗಿ ಅಲ್ಲಿ ಕುಷ್ಠರೋಗಿಗಳ ಶುಶ್ರೂಷೆ ಮಾಡಿದರು. ಮರಳುವಾಗ ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಯಿತು. ಆಗ ಗಾಂಧೀಜಿಯ ಭೇಟಿಯಾಯಿತು. ಕಟ್ಟಡಕ್ಕೆ ಬೇಕಾದ ಸಾಮಗ್ರಿಯೆಲ್ಲ ಐದು ಮೈಲಿಯ ಆಸುಪಾಸಿನಲ್ಲೇ ಸಿಗುವಂತಿರಬೇಕು ಎಂಬ ಗಾಂಧಿಯ ಮಾತನ್ನು ಅವರು ಜೀವನವಿಡೀ ಹೇಳುತ್ತಿದ್ದರು.

1945ರಲ್ಲಿ ಅವರು ಕುಷ್ಠರೋಗ ಮಿಶನ್ನಿನ ವಾಸ್ತುಶಿಲ್ಪಿಯಾಗಿ ಭಾರತಕ್ಕೆ ಬಂದರು. ಆ ಹೊತ್ತಿನ ಮಹತ್ವ ಗಮನಿಸಬೇಕು. ಸಲ್ಫೋನ್ ಔಷಧಗಳು ಬಂದು ಕುಷ್ಠರೋಗ ಗುಣವಾಗಬಲ್ಲ ಕಾಯಿಲೆಯಾಗುತ್ತಿದ್ದ ಕಾಲ ಅದು. ಅಲ್ಲಿಯವರೆಗೆ ರೋಗಿಗಳನ್ನು ಕೂಡಿಹಾಕಲು ಕಟ್ಟಿದ್ದ ಎತ್ತರದ ಗೋಡೆಯ ಆಶ್ರಮಗಳನ್ನು ಚಿಕಿತ್ಸೆ ಕೊಟ್ಟು ಮನೆಗೆ ಕಳಿಸುವ ಆಸ್ಪತ್ರೆಗಳನ್ನಾಗಿ ಬದಲಿಸಬೇಕಿತ್ತು. ಔಷಧ ಬದಲಾದಾಗ ಗೋಡೆಯೂ ಬದಲಾಗಬೇಕಾಯಿತು. ಬೇಕರ್ ಉತ್ತರ ಪ್ರದೇಶದ ಫೈಜಾಬಾದಿನಲ್ಲಿ ನೆಲೆಸಿದರು. ಮಿಶನರಿಗಳ ಬಂಗಲೆ, ಆಳುಕಾಳುಗಳ ಬದುಕು ಒಗ್ಗದೆ ಡಾಕ್ಟರ್ ಪಿ.ಜೆ. ಚಾಂಡಿ ಅವರ ಮನೆಯಲ್ಲಿ ಉಳಿದರು. ಇಂಗ್ಲೆಂಡಿನಿಂದ ತಂದ ಪಠ್ಯಪುಸ್ತಕಗಳಲ್ಲಿ ಮಣ್ಣಿನ ಗೋಡೆಯ ಮಾತಿಲ್ಲ, ಜಂಬಿಟ್ಟಿಗೆಯ ಮಾತಿಲ್ಲ, ಸಗಣಿಯ ಮಾತಂತೂ ಇಲ್ಲವೇ ಇಲ್ಲ. ಪುಸ್ತಕ ಬದಿಗಿಟ್ಟು ಹಳ್ಳಿಯ ಮನೆ ಕಟ್ಟುವವರನ್ನು ನೋಡಿ ಕಲಿಯತೊಡಗಿದರು. ಓದಿ ಬಂದ ಪರಿಣತನೊಬ್ಬ ಶಿಷ್ಯನಾಗಿ ಕೂರುವುದು ಸಣ್ಣ ಮಾತಲ್ಲ.

ಚಾಂಡಿಯವರ ತಂಗಿ ಡಾಕ್ಟರ್ ಎಲಿಜಬೆತ್ ಜೇಕಬ್ ಅವರನ್ನು 1948ರಲ್ಲಿ ಮದುವೆಯಾಗಿ ಇಬ್ಬರೂ ಪಿಥೌರಾಗಢಕ್ಕೆ ಹೋದರು. ಮಧುಚಂದ್ರಕ್ಕೆಂದು ಹೋದವರು. ವೈದ್ಯೆ ಬಂದಿದ್ದಾರೆಂದು ತಿಳಿದು ಬೆಟ್ಟದ ಹಳ್ಳಿಗಳ ಜನ ಬರತೊಡಗಿದರು. ಇಬ್ಬರೂ ಸುಮಾರು ಹದಿನಾರು ವರ್ಷ ಅಲ್ಲೇ ಉಳಿದರು. ಎಲಿಜಬೆತ್ ಚಿಕಿತ್ಸೆ ಮಾಡಿದರು, ಬೇಕರ್ ಅಲ್ಲಿನ ಕಲ್ಲು, ಅಲ್ಲಿನ ಮರದಿಂದ ಆಸ್ಪತ್ರೆ ಕಟ್ಟಿದರು. ಬೇಕಾದಾಗ ಅರಿವಳಿಕೆ ಕೊಡುವ, ಗಾಯ ಕಟ್ಟುವ ಕೆಲಸಕ್ಕೂ ನಿಂತರು. ಮುಂದೆ ಕೇರಳದಲ್ಲಿ ಅವರು ಜನಪ್ರಿಯಗೊಳಿಸಿದ, ಇಟ್ಟಿಗೆಯ ನಡುವೆ ಪೊಳ್ಳು ಬಿಟ್ಟು ಸುಮಾರು ಕಾಲು ಭಾಗ ಇಟ್ಟಿಗೆ ಉಳಿಸುವ ಗೋಡೆಯ ರೀತಿಯನ್ನು ಇಂದು ಬೆಂಗಳೂರಿನ ಹೊರವಲಯದ ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಆ ಮಿತವ್ಯಯದ ಬುದ್ಧಿ ಬಲಿತದ್ದು ದುಡ್ಡಿಲ್ಲದ ಆಸ್ಪತ್ರೆಗಳ ಅಂಗಳದಲ್ಲಿ. 2007ರಲ್ಲಿ ಅವರು ತೀರಿಕೊಂಡಾಗ ಭಾರತದ ಪ್ರಜೆಯಾಗಿದ್ದರು.

ಮಧ್ಯ ಆಫ್ರಿಕಾದ ಗಬೋನಿನ ಲಾಂಬರೆನೆಯಲ್ಲಿ ಆಲ್ಬರ್ಟ್ ಶ್ವೈಟ್ಜರ್‌ಗೂ ಇದೇ ಪಾಠವಾಯಿತು, ಇನ್ನೂ ಕಠಿಣವಾಗಿ. 1913ರಲ್ಲಿ ಕೋಳಿಗೂಡೊಂದನ್ನು ಚೊಕ್ಕಟ ಮಾಡಿ ರೋಗಿಗಳನ್ನು ನೋಡಲು ಶುರುಮಾಡಿದ ಅವರು ಯುದ್ಧದಿಂದಾಗಿ ಹೊರಡಬೇಕಾಯಿತು. 1924ರಲ್ಲಿ ಮರಳಿದಾಗ ಮಾಡು ಸೋರಿ, ಗೋಡೆ ಕುಸಿದು, ಕಾಡು ಒಳಗೆ ಬಂದಿತ್ತು. ಬೆಳಗ್ಗೆ ವೈದ್ಯ, ಮಧ್ಯಾಹ್ನದ ಮೇಲೆ ಮೇಸ್ತ್ರಿ. ಎಷ್ಟೋ ಕಾಲ ಅವರ ದಿನ ಹೀಗೆ ಸಾಗಿತು. ಸ್ವಿಟ್ಜರ್ಲೆಂಡಿನಿಂದ ಒಬ್ಬ ಯುವ ಬಡಗಿ ಬಂದು ಜೊತೆಗೂಡಿದ ಮೇಲೆಯೇ ಕೆಲಸಕ್ಕೆ ವೇಗ ಬಂದದ್ದು. ನದಿಯ ಮೇಲ್ದಂಡೆಯಲ್ಲಿ ಹೊಸ ಆಸ್ಪತ್ರೆ ಕಟ್ಟುವಾಗ ಕಟ್ಟಡಗಳನ್ನು ಪೂರ್ವ ಪಶ್ಚಿಮಕ್ಕೆ ಉದ್ದವಾಗಿ ನಿಲ್ಲಿಸಿದರು. ಸಮಭಾಜಕದ ಬಳಿಯ ಬಿಸಿಲು ಉದ್ದ ಗೋಡೆಗೆ ಬೀಳದಿರಲಿ ಎಂದು.

ನಮ್ಮ ಕರಾವಳಿಗೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ಪಾದ್ರಿಗಳಷ್ಟೇ ಇರಲಿಲ್ಲ, ಕಸುಬುದಾರರೂ ಇದ್ದರು. ನೇಯ್ಗೆಯ ಹಾಲರ್ ಬಂದರು. ಯಂತ್ರ ಬಲ್ಲ ಗಿಯಾರ್ಗ್ ಪ್ಲೆಬ್ಸ್ಟ್ ಅಚ್ಚುಕೂಟದ ಕೆಲಸಕ್ಕೆಂದು ಬಂದು ಕನ್ನಡದ ಅಚ್ಚುಮೊಳೆಗಳನ್ನು ತಿದ್ದಿದರು. ಒಂದರೊಳಗೊಂದು ಕೂರುವ ಹೆಂಚಿಗೆ ಬಾಸೆಲ್ ಸಮೀಪದ ಆಲ್ಟ್‌ಕಿರ್ಕ್‌ನ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ನೇತ್ರಾವತಿಯ ಜೇಡಿಮಣ್ಣು ಅಂಥ ಹೆಂಚಿಗೆ ಒದಗುತ್ತದೆಂದು ಕಂಡುಕೊಂಡ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದರು. ಮೂರೇ ವರ್ಷದಲ್ಲಿ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದವರ ಹೆಂಚಿನ ಕಾರ್ಖಾನೆ ಶುರುವಾಯಿತು. ನನಗೆ ಮುಖ್ಯ ಅನಿಸುವುದು ಈ ಎರಡನೆಯ ಇಸವಿ. ವಿದ್ಯೆ ಅಷ್ಟು ಬೇಗ ನೆಲದವರ ಕೈಗೆ ದಾಟಿತ್ತು. ತುಳುನಾಡಿನ ಕುಂಬಾರರಿಗೆ ಮಣ್ಣಿನ ಹದ ಹೊಸತಲ್ಲವಲ್ಲ.

ಮಿಶನ್ನಿನ ಆಸ್ಪತ್ರೆಗಳು ಆಮೇಲೆ ಬಂದವು. ಬೆಟಗೇರಿಯ ಜರ್ಮನ್ ಆಸ್ಪತ್ರೆ ಬಂತು. 1923ರಲ್ಲಿ ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ತೆರೆದ ಆಸ್ಪತ್ರೆ ಬಂತು. ಅದು ಇಂದಿಗೂ ಊರವರ ಬಾಯಲ್ಲಿ ಮಿಶನ್ ಆಸ್ಪತ್ರೆಯೇ. ಅದಕ್ಕೂ ಮೊದಲು 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್, 1906ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ ಮಿಶನ್ನಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಕರಾವಳಿಯಲ್ಲಿ ಹೆಂಚಿನ ಮಾಡಿನ ಕೆಳಗೆ ಮಲಗಿದ ರೋಗಿಗೆ ಸೆಕೆ ಕಡಿಮೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಊರಲ್ಲೇ ಜನ ಸಿಗುತ್ತಿದ್ದರು, ಒಡೆದದ್ದಕ್ಕೆ ಬದಲಿ ಹೆಂಚು ಹತ್ತಿರದಲ್ಲೇ ಸಿಗುತ್ತಿತ್ತು. ಹೊರಗಿನಿಂದ ಬಂದ ವಿದ್ಯೆ ಹೀಗೆ ಊರಿನದಾಗದಿದ್ದರೆ, 1914ರ ಯುದ್ಧ ಶುರುವಾಗಿ ಜರ್ಮನ್ನರು ಬಂಧನಕ್ಕೊಳಗಾದಾಗ ಕರಾವಳಿಯ ಹೆಂಚಿನ ಉದ್ಯಮವೂ ಅವರೊಂದಿಗೇ ಮುಗಿದುಹೋಗುತ್ತಿತ್ತು.

ನಮ್ಮಿಂದ ಹೊರದೇಶಕ್ಕೆ ಹೋದ ಕಸುಬೂ ಇದೆ. ಜೈಪುರದ ಎಸ್‌ಎಂಎಸ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಪಿ.ಕೆ. ಸೇಠಿಯವರ ಜೊತೆ ಕೂತು ರಬ್ಬರಿನ ಪಾದ ರೂಪಿಸಿದವರು ರಾಮಚಂದ್ರ ಶರ್ಮಾ. ಓದಿದ್ದು ಅಲ್ಪ, ಕೈಯಲ್ಲಿದ್ದ ಕಲೆ ಅಪಾರ. 1975ರಲ್ಲಿ ಡಿ.ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿಯ ತಂತ್ರಜ್ಞರು ಏಷ್ಯಾ, ಆಫ್ರಿಕಾದ ಹಲವು ದೇಶಗಳಿಗೆ ಹೋಗಿ ಶಿಬಿರ ನಡೆಸಿ, ನೀರಾವರಿಗೆ ಬಳಸುವಂಥ ಎಚ್‌ಡಿಪಿಇ ಪೈಪನ್ನು ಕಾಯಿಸಿ ಬಗ್ಗಿಸಿ ಕಾಲು ಕೂರಿಸುತ್ತಾರೆ. ಕಾಲು ಕಳೆದುಕೊಂಡು ಬಂದವರು ನಡೆದು ಮನೆಗೆ ಹೋಗುತ್ತಾರೆ. ಕಮ್ಮಾರಿಕೆಯೂ ಮರಗೆಲಸವೂ ಚಿಕಿತ್ಸೆಯಾದ ಇದಕ್ಕಿಂತ ನೇರವಾದ ನಿದರ್ಶನ ನನಗೆ ತಿಳಿಯದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಹಾಳು ಮಾಡಿಬರುವುದೂ ಇದೆ. ಹತ್ತು ದಿನಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಹಳೆಯ ಎತ್ತರದ ಸೂರು, ದೊಡ್ಡ ಕಿಟಕಿಗಳು. ಫಾಲ್ಸ್ ಸೀಲಿಂಗ್ ಇಳಿಸಿ, ಕಿಟಕಿ ಮುಚ್ಚಿ, ಎಸಿ ಕೂರಿಸಿದರೆ ಆಸ್ಪತ್ರೆ ಹೊಸದಾದಂತೆ ಕಾಣುತ್ತದೆ. ಪೆರುವಿನ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಗಾಳಿಯಾಟವನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ: 1950ಕ್ಕೆ ಮುಂಚೆ ಕಟ್ಟಿದ, ಎತ್ತರ ಸೂರಿನ, ದೊಡ್ಡ ಕಿಟಕಿಯ ವಾರ್ಡುಗಳಲ್ಲಿ ಕಿಟಕಿ ತೆರೆದಿಟ್ಟರೆ ಸಾಕು, ಯಂತ್ರದಿಂದ ಗಾಳಿಯಾಡಿಸುವ ಹೊಸ ಕೋಣೆಗಳಿಗಿಂತ ಗಾಳಿ ಚೆನ್ನಾಗಿ ಬದಲಾಗುತ್ತದೆ, ಕ್ಷಯ ಹರಡುವ ಅಪಾಯ ಕಡಿಮೆ. ಹಾಗಾಗಿ ಹಳೆಯ ಮಿಶನ್ ಆಸ್ಪತ್ರೆಯ ಕಿಟಕಿಯ ತುಕ್ಕು ಹಿಡಿದ ತಿರುಗಣಿಗೆ ಎಣ್ಣೆ ಹಾಕಿ ಸಲೀಸಾಗಿ ತೆರೆಯುವಂತೆ ಮಾಡುವವನು ಎಸಿ ಕೂರಿಸುವವನಿಗಿಂತ ದೊಡ್ಡ ಉಪಕಾರ ಮಾಡುತ್ತಾನೆ. ಅದೇ ರೀತಿ, ಊರಲ್ಲಿ ಗಾರೆಯವನು ಇರುವಾಗ ಹೊರಗಿನವರು ಹೋಗಿ ಗೋಡೆಗೆ ಬಣ್ಣ ಬಳಿದರೆ ಅವನ ಒಂದು ವಾರದ ಕೂಲಿ ಕಸಿದಂತೆ. ಊರಲ್ಲಿ ಇಲ್ಲದ ಕೆಲಸವನ್ನು ಒಯ್ಯಬೇಕು: ಆಮ್ಲಜನಕದ ತಾಮ್ರದ ಕೊಳವೆ ಬೆಸೆಯುವುದು, ಆಟೋಕ್ಲೇವ್ ದುರಸ್ತಿ, ಎಕ್ಸ್‌ರೇ ಯಂತ್ರದ ವಿದ್ಯುತ್ ಸಂಪರ್ಕ, ಅರ್ಥಿಂಗ್, ಜನರೇಟರಿನ ಚೇಂಜ್‌ಓವರ್.

ವಸಂತ್ ಕುಂಜ್, ಮುನಿರ್ಕಾ, ಆರ್.ಕೆ. ಪುರಂ ಸುತ್ತಮುತ್ತ ನಿವೃತ್ತ ಕನ್ನಡಿಗರಿಗೇನು ಬರವೇ? ಸೇನೆಯ ಎಂಜಿನಿಯರಿಂಗ್ ವಿಭಾಗದಲ್ಲಿದ್ದವರು, ಸಿಪಿಡಬ್ಲ್ಯುಡಿಯಲ್ಲಿ ದುಡಿದವರು, ವಿದ್ಯುತ್ ನಿಗಮಗಳಲ್ಲಿ ಮೂವತ್ತು ವರ್ಷ ಸಬ್‌ಸ್ಟೇಷನ್ ನೋಡಿಕೊಂಡವರು ಇದ್ದಾರೆ. ಹೋಗಬೇಕಾದ ಜಾಗಗಳೂ ದೂರವಲ್ಲ. ವಿದೇಶಿ ಮಿಶನರಿಗಳು ಬಿಟ್ಟುಹೋದ ಉತ್ತರ ಭಾರತದ ಆಸ್ಪತ್ರೆಗಳನ್ನು ಒಟ್ಟುಗೂಡಿಸಿ 1969ರಲ್ಲಿ ಶುರುವಾದ ಎಮ್ಯಾನುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ ಕಚೇರಿ ನೆಹರೂ ಪ್ಲೇಸಿನಲ್ಲೇ ಇದೆ. ನೇಪಾಳದ ಗಡಿಯ ರಕ್ಸೌಲ್‌ನ ಡಂಕನ್ ಆಸ್ಪತ್ರೆ ಅದರದೇ. ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಕಿಲ್ಲ. ಊರ ಕಡೆ ನೆನೆದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆಯಿದೆ. ಕಾಡಂಚಿನ ಎಲ್ಲ ಆಸ್ಪತ್ರೆಗೂ ಕಟ್ಟಡ, ನೀರು, ಕರೆಂಟಿನ ಪಾಡು ಒಂದೇ.

ಆದರೆ ನಿವೃತ್ತ ಎಂಜಿನಿಯರರಷ್ಟೇ ಹೋದರೆ ಕೆಲಸ ಅರ್ಧವೇ ಆಗುವುದು. ನಕ್ಷೆ ನೋಡಬಲ್ಲವರ ಪಕ್ಕದಲ್ಲಿ ಕರಣೆ ಹಿಡಿಯಬಲ್ಲವರು ಬೇಕು. ಕಿಶನ್‌ಗಢ, ಮಸೂದ್‌ಪುರದ ಓಣಿಗಳಲ್ಲಿ ಇರುವ ಪ್ಲಂಬರ್, ಗಾರೆಯವರು, ವೆಲ್ಡರ್‌ಗಳು ಹದಿನೈದು ದಿನ ಕೆಲಸ ಬಿಟ್ಟು ಬಂದರೆ ಅವರ ಮನೆಯ ಒಲೆ ಉರಿಯುವುದು ಹೇಗೆ? ಪಿಂಚಣಿ ಇದ್ದವರಿಗೆ ರಜೆ ಬಿಟ್ಟಿ, ದಿನಗೂಲಿಯವರಿಗೆ ಅಲ್ಲ. ಹಾಗಾಗಿ ಹೋಗಲಾಗದವರು, ವಯಸ್ಸಾದವರು, ಮೊಣಕಾಲು ನೋವಿನವರು ಒಬ್ಬೊಬ್ಬ ಕಸುಬುದಾರರ ಪೂರ್ತಿ ಕೂಲಿ, ಪ್ರಯಾಣ, ವಿಮೆಯನ್ನು ಹೊತ್ತುಕೊಳ್ಳಬೇಕು. ಇದನ್ನು ದಾನ ಎನ್ನದೆ ಸಂಬಳ ಎಂದೇ ಕೊಡಬೇಕು. ಆಸ್ಪತ್ರೆಯ ಕಡೆಯಿಂದ ಒಬ್ಬ ಸ್ಥಳೀಯ ಹುಡುಗನನ್ನೋ ಹುಡುಗಿಯನ್ನೋ ಮೊದಲ ದಿನದಿಂದಲೇ ಜೊತೆಗೆ ನಿಲ್ಲಿಸುವುದು ಷರತ್ತಾಗಿರಬೇಕು. ಕೊನೆಯ ಎರಡು ದಿನ ಬಂದವರು ಕೈಕಟ್ಟಿ ನಿಂತು, ಆ ಹುಡುಗ ಪಂಪನ್ನು ಬಿಚ್ಚಿ ಮತ್ತೆ ಜೋಡಿಸುವುದನ್ನು ನೋಡಬೇಕು. ಸ್ಪ್ಯಾನರ್ ಸೆಟ್ಟು, ಮೀಟರು ಅವನ ಹೆಸರಲ್ಲೇ ಬಿಟ್ಟುಬರಬೇಕು. ಮುಂದಿನ ಆರು ತಿಂಗಳು ಅವನ ಫೋನಿಗೆ ಉತ್ತರ ಕೊಡಲು ಒಬ್ಬರು ಒಪ್ಪಿರಬೇಕು.

ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ, ಇಲ್ಲಿಂದ ಆಟೋದಲ್ಲಿ ಹೋಗುವಷ್ಟು ದೂರ. ರಾಜ್ಯೋತ್ಸವಕ್ಕೆ, ನಾಟಕಕ್ಕೆ ಅಲ್ಲಿ ಸೇರುವ ನಮ್ಮಲ್ಲಿ ಯಾರ ಕೈಯಲ್ಲಿ ಯಾವ ಕಸುಬಿದೆ ಎಂಬುದು ಒಂದು ರಿಜಿಸ್ಟರಿನಲ್ಲಿ ದಾಖಲಾಗಲಿ. ಹೆಸರು, ಕಸುಬು, ಬಲ್ಲ ಭಾಷೆ, ವರ್ಷದಲ್ಲಿ ಯಾವ ತಿಂಗಳು ಬಿಡುವು, ಹೋಗಲಾಗದಿದ್ದರೆ ಎಷ್ಟು ದಿನದ ಕೂಲಿ ಕೊಡಬಲ್ಲರು ಎಂಬ ಐದು ಕಾಲಂ ಸಾಕು. ಮಳೆ ಬೀಳುವ ಮುಂಚೆ ಮಾಡು, ಚರಂಡಿ, ವೈರಿಂಗ್ ಮುಗಿಯಬೇಕಾದ್ದರಿಂದ ಮೊದಲ ತಂಡ ಏಪ್ರಿಲ್ ಹೊತ್ತಿಗೆ ಹೊರಡುವಂತಿರಬೇಕು.